ಬಿಸಿಯಾದರೆ ಸ್ಟಾರ್ಟ್ ಆಗದ ಎಂಜಿನ್: ಮನೆಯಂಗಳದಲ್ಲಿ ಮೊದಲ ಸಲ ಟ್ಯಾಪೆಟ್ ಸೆಟ್ ಮಾಡಿದ ಪ್ರಕರಣ

ಕಳೆದ ವರ್ಷದ ಆಟಿ ತಿಂಗಳು (ಜುಲೈ-ಆಗಸ್ಟ್). ಎರಡು ದಿನ ಬಿಡದೆ ಹೊಯ್ದ ಮಳೆ ನಿಂತು ಆ ಬೆಳಗ್ಗೆ ಹೊಳವಾಗಿತ್ತು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವವರು ಇಬ್ಬರೂ ಏಳು ಗಂಟೆಗೇ ಬಂದಿದ್ದರು. 200 ಲೀಟರಿನ ಡ್ರಮ್ಮಿನಲ್ಲಿ ಬೋರ್ಡೋ ದ್ರಾವಣ ತಯಾರಾಗಿತ್ತು. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವವರೆಗೆ ಎಂಜಿನ್ ಚೆನ್ನಾಗಿಯೇ ಓಡಿತು. ಪೆಟ್ರೋಲ್ ತುಂಬಿಸಿ ಹಗ್ಗ ಎಳೆದೆ. ಇಲ್ಲ. ಮತ್ತೆ ಎಳೆದೆ. ಇಲ್ಲ. ಹದಿನೈದು ಇಪ್ಪತ್ತು ಸಲ ಎಳೆದು ಅಂಗಿ ಒದ್ದೆಯಾದ ಮೇಲೆ ಅಡಿಕೆಮರದ ಮೇಲಿಂದ ಪ್ರಶ್ನೆ ಬಂತು. "ಮಾಸ್ಟ್ರೇ, ನಾನು ಇಳೀಬೇಕಾ, ಇಲ್ಲೇ ಇರ್ಬೇಕಾ?"

ಅವನು ಇಳಿದ. ಚಾ ಕುಡಿದ. ಅರ್ಧ ಗಂಟೆ ಕಳೆದ ಮೇಲೆ ಎರಡನೇ ಎಳೆತಕ್ಕೇ ಎಂಜಿನ್ ಏನೂ ಆಗದವರ ಹಾಗೆ ಹೊರಟಿತು. ಮಧ್ಯಾಹ್ನ ಎರಡನೇ ಟ್ಯಾಂಕ್ ಮುಗಿದಾಗ ಮತ್ತೆ ಅದೇ ಕಥೆ.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಎರಡು ಎಕರೆ ಅಡಿಕೆ ತೋಟ. ನಾನು ಕನ್ನಡ ಶಾಲೆಯಲ್ಲಿ ಪಾಠ ಮಾಡುವವನು. ಸೈಕಲಿನ ಚೈನ್ ಹಾಕುವುದು, ಪಂಪಿನ ಫ್ಯೂಸ್ ಕಟ್ಟುವುದು, ಇಷ್ಟೇ ನನ್ನ ಮೆಕ್ಯಾನಿಕ್ ವಿದ್ಯೆ. ಅಂಥವನು ಎಂಜಿನ್ ಬಿಚ್ಚಿ ಟ್ಯಾಪೆಟ್ (ವಾಲ್ವಿನ ಮೇಲಿನ ಸಂದು) ಸೆಟ್ ಮಾಡಲು ಹೊರಟದ್ದು, ಅದರಲ್ಲಿ ಒಂದು ಸಲ ಕೆಡಿಸಿದ್ದು, ಆಮೇಲೆ ಸರಿ ಮಾಡಿದ್ದು ಎಲ್ಲವನ್ನೂ ಕ್ರಮವಾಗಿ ಬರೆದಿಡುತ್ತಿದ್ದೇನೆ. ಮದ್ದು ಬಿಡುವ ಪಂಪು ನಮ್ಮ ಕಡೆ ತೋಟ ಇದ್ದವರ ಮನೆಗಳಲ್ಲಿ ಉಂಟಲ್ವಾ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಯಂತ್ರ ಮತ್ತು ಅವಸರ

ಎಂಜಿನ್ 163 ಸಿಸಿಯ ಫೋರ್ ಸ್ಟ್ರೋಕ್, ಪೆಟ್ರೋಲಿನದ್ದು. ಕಬ್ಬಿಣದ ಚೌಕಟ್ಟಿನ ಮೇಲೆ ಕೂತು ಬೆಲ್ಟಿನಿಂದ ಎಚ್‌ಟಿಪಿ ಪಂಪು, ಅಂದರೆ ಒತ್ತಡದಲ್ಲಿ ಮದ್ದು ಚಿಮ್ಮಿಸುವ ಪಂಪು, ತಿರುಗಿಸುತ್ತದೆ. ತಂದದ್ದು 2014ರಲ್ಲಿ. ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದ್ದೇನೆ, ಎರಡು ಸಲ ಪ್ಲಗ್ ಹಾಕಿದ್ದೇನೆ. ನಮ್ಮ ತೋಟದ್ದು ಮುಗಿದ ಮೇಲೆ ಭಾವನ ತೋಟಕ್ಕೂ ಹೋಗುತ್ತದೆ. ಅಲ್ಲಿ ಎಷ್ಟು ಗಂಟೆ ಓಡುತ್ತದೆ ಅಂತ ನಾನು ಕೇಳುವುದಿಲ್ಲ, ಅವರು ಹೇಳುವುದೂ ಇಲ್ಲ. ವಾಲ್ವಿನ ಮುಚ್ಚಳ ಮಾತ್ರ ಇಷ್ಟು ವರ್ಷದಲ್ಲಿ ಒಮ್ಮೆಯೂ ಬಿಚ್ಚಿದ್ದಿಲ್ಲ.

ಅವಸರ ಯಾಕೆ ಅಂತ ಅಡಿಕೆಯವರಿಗೆ ಹೇಳಬೇಕಾಗಿಲ್ಲ. ಮೊದಲ ಮದ್ದು ಮಳೆ ಹಿಡಿಯುವ ಮೊದಲು, ಎರಡನೆಯದು 40-45 ದಿನ ಕಳೆದು. ಅದು ತಪ್ಪಿ ಮಳೆ ಮುಂದುವರಿದರೆ ಕೊಳೆರೋಗ ಗೊನೆಯಿಂದ ಗೊನೆಗೆ ಹಾರುತ್ತದೆ. ಎಳೆಕಾಯಿ ಉದುರಿ ಮರದ ಬುಡದಲ್ಲಿ ಹಾಸಿಗೆಯಾಗುತ್ತದೆ. ಹಿಂದೆ ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರಂತೆ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗಕ್ಕೆ ಬೋರ್ಡೋ ಮದ್ದು ಒಳ್ಳೆಯದು ಅಂತ ತೋರಿಸಿಕೊಟ್ಟರು. ನಾವು ಇವತ್ತಿಗೂ ಅದನ್ನೇ ಕಲಸುತ್ತಿದ್ದೇವೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಕಲಸಿದ್ದು ಅವತ್ತೇ ಖರ್ಚಾಗಬೇಕು, ನಾಳೆಗೆ ಇಟ್ಟರೆ ಪ್ರಯೋಜನವಿಲ್ಲ. ಹಾಗಾಗಿ ಎಂಜಿನ್ ನಿಂತರೆ ಡ್ರಮ್ಮಿನಲ್ಲಿರುವ ಮದ್ದು, ಜನರ ಸಂಬಳ, ಮಳೆಯ ಹೊಳವು ಮೂರೂ ಒಟ್ಟಿಗೆ ಹೋಗುತ್ತದೆ.

ವರ್ಕ್‌ಶಾಪಿಗೆ ಫೋನ್ ಮಾಡಿದೆ. "ತಂದಿಡಿ, ಒಂದು ವಾರ ಆಗ್ತದೆ" ಅಂದರು. ಆಟಿಯಲ್ಲಿ ಎಲ್ಲರ ಪಂಪೂ ಅಲ್ಲೇ ಇರುವಾಗ ಅವರದ್ದೂ ತಪ್ಪಲ್ಲ.

ಏನಲ್ಲ ಅಂತ ಮೊದಲು ನೋಡಿದ್ದು

ಬಿಸಿಯಾದಾಗ ಮಾತ್ರ ಬರುವ ತೊಂದರೆ. ತಣಿದರೆ ಸರಿ. ಇಷ್ಟು ಗೊತ್ತಿತ್ತು.

ಪೆಟ್ರೋಲಿನ ಮೇಲೆ ಎಲ್ಲರಿಗೂ ಮೊದಲ ಅನುಮಾನ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಮಳೆಗಾಲದಲ್ಲಿ ನೀರು ಹೀರಿಕೊಳ್ಳುತ್ತದೆ. ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲು ಖಾಲಿ ಮಾಡಿ ಗಾಜಿನ ಲೋಟದಲ್ಲಿ ಹಿಡಿದೆ. ನೀರು ಇರಲಿಲ್ಲ. ಏರ್ ಫಿಲ್ಟರ್ ತೊಳೆದದ್ದೇ ಇತ್ತು.

ಆಮೇಲೆ ಕಿಡಿ. ಕಿಡಿ ಕೊಡುವ ಕಾಯಿಲ್ ಕೆಟ್ಟರೂ ಹೀಗೆಯೇ, ಬಿಸಿಯಾದಾಗ ಕೈಕೊಡುತ್ತದೆ. ಆದ್ದರಿಂದ ತಣ್ಣಗಿರುವಾಗ ಕಿಡಿ ನೋಡಿ ಪ್ರಯೋಜನವಿಲ್ಲ. ಬೇಕಂತಲೇ ಎಂಜಿನ್ ಮುಕ್ಕಾಲು ಗಂಟೆ ಓಡಿಸಿ, ನಿಲ್ಲಿಸಿ, ಸ್ಟಾರ್ಟ್ ಆಗುವುದಿಲ್ಲ ಅಂತ ಖಚಿತ ಮಾಡಿಕೊಂಡು ಪ್ಲಗ್ ಬಿಚ್ಚಿದೆ. ಪೆಟ್ರೋಲ್ ಟ್ಯಾಂಕಿನಿಂದ ದೂರ ಹಿಡಿದು ನೋಡಿದರೆ ನೀಲಿ ಕಿಡಿ ಚಟಚಟ ಹಾರುತ್ತಿತ್ತು. ಪ್ಲಗ್ ಕೂಡ ಪೆಟ್ರೋಲಿನಲ್ಲಿ ಒದ್ದೆಯಾಗಿತ್ತು. ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿಯೂ ಇದೆ.

ಉಳಿದದ್ದು ಕಂಪ್ರೆಶನ್, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಗಾಳಿಯನ್ನು ಬಿಗಿಯಾಗಿ ಒತ್ತುವುದು. ಇದನ್ನು ಕಂಡುಹಿಡಿದದ್ದು ನಾನಲ್ಲ. ಒಂಬತ್ತನೇ ತರಗತಿಯ ಮಗಳು ಸುಮ್ನೆ ಆಟಕ್ಕೆ ಹಗ್ಗ ಎಳೆದು ನೋಡಿ, "ಅಪ್ಪಾ, ಬೆಳಗ್ಗೆ ಬಿಗಿ ಇತ್ತು, ಈಗ ಹಗ್ಗ ಎಂತ ಇಷ್ಟು ಸಲೀಸು ಬರ್ತದೆ?" ಅಂದಳು. ನಾನೂ ಎಳೆದು ನೋಡಿದೆ. ಹೌದು. ಬಿಸಿ ಎಂಜಿನ್ ಪ್ರತಿಭಟನೆಯೇ ಮಾಡುತ್ತಿರಲಿಲ್ಲ.

ಸಿಲಿಂಡರಿನ ತಲೆಯಲ್ಲಿ ಎರಡು ವಾಲ್ವು. ಒಂದು ಪೆಟ್ರೋಲ್ ಬೆರೆತ ಗಾಳಿ ಒಳಗೆ ಬಿಡುವುದು (ಇನ್ಲೆಟ್), ಒಂದು ಹೊಗೆ ಹೊರಗೆ ಬಿಡುವುದು (ಎಕ್ಸಾಸ್ಟ್). ಮುಚ್ಚಿದಾಗ ವಾಲ್ವು ತನ್ನ ಸೀಟಿನಲ್ಲಿ ಪೂರಾ ಕೂರಬೇಕು. ಅದಕ್ಕೆ ವಾಲ್ವಿನ ಕಾಂಡಕ್ಕೂ ಅದನ್ನು ಒತ್ತುವ ರಾಕರಿಗೂ ನಡುವೆ ಚೂರು ಸಂದು ಬಿಟ್ಟಿರುತ್ತಾರೆ. ಬಿಸಿಗೆ ಕಾಂಡ ಉದ್ದವಾಗುತ್ತದೆ, ಅದರಲ್ಲೂ ಹೊಗೆಯ ಕಡೆಯದ್ದು ಜಾಸ್ತಿ. ವರ್ಷಗಟ್ಟಲೆ ಬಡಿದು ಬಡಿದು ಸೀಟು ಸವೆದರೆ ವಾಲ್ವು ಮೇಲಕ್ಕೆ ಬರುತ್ತದೆ, ಸಂದು ಕಮ್ಮಿಯಾಗುತ್ತದೆ. ಸಂದೇ ಇಲ್ಲವಾದರೆ ವಾಲ್ವು ಪೂರಾ ಮುಚ್ಚುವುದಿಲ್ಲ, ಬಾಗಿಲ ಸಂದಿಗೆ ಕಾಲ್ಮಣೆ ಸಿಕ್ಕಿಕೊಂಡ ಹಾಗೆ. ಈ ಎಂಜಿನ್ 3600 ಸುತ್ತಿನಲ್ಲಿ ಓಡಿದರೆ ಒಂದೊಂದು ವಾಲ್ವೂ ನಿಮಿಷಕ್ಕೆ 1800 ಸಲ ಬಡಿಯುತ್ತದೆ. ಆರು ಗಂಟೆ ಮದ್ದು ಬಿಟ್ಟರೆ ಆರು ಲಕ್ಷ ಸಲಕ್ಕಿಂತ ಜಾಸ್ತಿ. ಹತ್ತು ವರ್ಷಕ್ಕೆ ಸವೆಯದೆ ಇದ್ದೀತಾ?

ಮೊದಲ ಪ್ರಯತ್ನ

ಎಂಜಿನಿನ ಕೈಪಿಡಿ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಭದ್ರವಾಗಿತ್ತು. ಕೊನೆಯ ಪುಟದ ಪಟ್ಟಿಯಲ್ಲಿ ಅಳತೆ ಕೊಟ್ಟಿದ್ದರು. ಇನ್ಲೆಟ್ 0.15 ಮಿ.ಮೀ., ಎಕ್ಸಾಸ್ಟ್ 0.20 ಮಿ.ಮೀ., ಎರಡಕ್ಕೂ 0.02 ಹೆಚ್ಚುಕಮ್ಮಿ ಆಗಬಹುದು, ಎಂಜಿನ್ ತಣ್ಣಗಿರಬೇಕು. ಹೇಗೆ ಮಾಡುವುದು ಅನ್ನುವಲ್ಲಿ ಮಾತ್ರ, ಡೀಲರರ ಹತ್ತಿರ ಹೋಗಿ ಅಂತ ಒಂದು ಸಾಲು.

0.15 ಅಂದರೆ ಎಷ್ಟು? ಶಾಲೆಯ ಝೆರಾಕ್ಸ್ ಕಾಗದದ 500 ಹಾಳೆಯ ಕಟ್ಟು ಸುಮಾರು ಐದು ಸೆಂಟಿಮೀಟರ್ ದಪ್ಪ. ಹಾಗಾದರೆ ಒಂದು ಹಾಳೆ 0.1 ಮಿ.ಮೀ. ಇನ್ಲೆಟ್‌ಗೆ ಒಂದೂವರೆ ಹಾಳೆ, ಎಕ್ಸಾಸ್ಟ್‌ಗೆ ಎರಡು ಹಾಳೆಯ ಸಂದು. ಕಾಗದದಲ್ಲೇ ಅಳೆಯುವ ಆಸೆ ಆಯಿತು. ಬೇಡ ಅಂತ ವಿಟ್ಲಕ್ಕೆ ಹೋಗಿ ಫೀಲರ್ ಗೇಜ್ ತಂದೆ. ತೆಳು ಉಕ್ಕಿನ ಎಲೆಗಳ ಒಂದು ಕಟ್ಟು, ಒಂದೊಂದರ ಮೇಲೂ ದಪ್ಪ ಕೊರೆದಿರುತ್ತದೆ.

ಮರುದಿನ ಬೆಳಗ್ಗೆ, ರಾತ್ರಿಯಿಡೀ ತಣಿದ ಎಂಜಿನ್. ಪ್ಲಗ್ಗಿನ ವಯರ್ ಮೊದಲು ಕಿತ್ತು ಬದಿಗಿಟ್ಟೆ. ಮೇಲಿದ್ದ ಕೆಸರು, ಮೈಲುತುತ್ತಿನ ನೀಲಿ ಕಲೆ ಎಲ್ಲ ಉಜ್ಜಿ ತೆಗೆದೆ, ಮುಚ್ಚಳ ಬಿಚ್ಚಿದಾಗ ಅದು ಒಳಗೆ ಬೀಳಬಾರದಲ್ವಾ. ನಾಲ್ಕು ಬೋಲ್ಟ್, ಹತ್ತರ ಸ್ಪ್ಯಾನರ್. ಮುಚ್ಚಳ ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ತೂರಿಸಿದರೆ ಗ್ಯಾಸ್ಕೆಟ್ ಹರಿಯುತ್ತದೆ. ಮರದ ತುಂಡಿನಿಂದ ಬದಿಗೆ ಎರಡು ಪೆಟ್ಟು ಕೊಟ್ಟದ್ದಕ್ಕೆ ಬಂತು.

ಒಳಗೆ ನೋಡಿದರೆ ಇಷ್ಟೇನಾ ಅನ್ನಿಸಿತು. ಎರಡು ಸ್ಪ್ರಿಂಗ್, ಎರಡು ರಾಕರ್, ಹಿಂದಿನಿಂದ ಬಂದು ರಾಕರ್ ತಳ್ಳುವ ಎರಡು ಪುಶ್ ರಾಡ್. ಕಾರ್ಬ್ಯುರೇಟರ್ ಕಡೆಯದ್ದು ಇನ್ಲೆಟ್, ಸೈಲೆನ್ಸರ್ ಕಡೆಯದ್ದು ಎಕ್ಸಾಸ್ಟ್.

ಎರಡು ವಾಲ್ವೂ ಮುಚ್ಚಿರುವಾಗ ಅಳೆಯಬೇಕು. ಅದು ಪಿಸ್ಟನ್ ಕಂಪ್ರೆಶನ್ ಹೊಡೆತದಲ್ಲಿ ತುದಿಗೆ ಬಂದಾಗ. ಇಷ್ಟು ನನಗೆ ತಿಳಿದಿತ್ತು. ಕೈಪಿಡಿಯಲ್ಲಿ ಮಳೆಗಾಲ ಮುಗಿದು ಎಂಜಿನ್ ಎತ್ತಿಡುವ ಕ್ರಮ ಹೇಳುವಾಗ, ಹಗ್ಗ ನಿಧಾನ ಎಳೆದು ಬಿಗಿಯಾದ ಕಡೆ ನಿಲ್ಲಿಸಿ, ವಾಲ್ವು ಮುಚ್ಚಿರುತ್ತದೆ ಅನ್ನುವ ಮಾತಿದೆ. ಸರಿ, ಅದೇ ಜಾಗ ಅಂದುಕೊಂಡೆ. ಹಗ್ಗ ಎಳೆದೆ, ಬಿಗಿಯಾಯಿತು, ನಿಲ್ಲಿಸಿದೆ.

ಇನ್ಲೆಟ್ ರಾಕರ್ ಬೆರಳಿನಲ್ಲಿ ಅಲುಗಾಡಿತು. 0.15ರ ಎಲೆ ಹಗುರ ಹಿಡಿತದಲ್ಲಿ ಹೋಯಿತು. ಎಕ್ಸಾಸ್ಟ್ ಅಲುಗಲೇ ಇಲ್ಲ. 0.05ರ ಎಲೆಗೂ ಜಾಗವಿಲ್ಲ. "ಸಿಕ್ಕಿತು ಕಳ್ಳ" ಅಂತ ಟಾರ್ಚ್ ಹಿಡಿದಿದ್ದ ಮಗಳಿಗೆ ಹೇಳಿದೆ. ನನ್ನ ಲೆಕ್ಕಕ್ಕೆ ಇಷ್ಟು ಚಂದ ಹೊಂದುವ ಉತ್ತರ ಸಿಕ್ಕಿದಾಗ ಇನ್ನೊಮ್ಮೆ ನೋಡಬೇಕು ಅಂತ ತೋಚಲಿಲ್ಲ. ಮಕ್ಕಳ ಲೆಕ್ಕದಲ್ಲಿ ಇದೇ ತಪ್ಪಿಗೆ ಕೆಂಪು ಗೆರೆ ಎಳೆಯುವವನು ನಾನು.

ಮೇಲಿನ ಸಣ್ಣ ಲಾಕ್ ನಟ್ಟು ಹತ್ತರದ್ದು, ಕೆಳಗಿನ ದೊಡ್ಡದು ಹದಿನಾಲ್ಕರದ್ದು. ದೊಡ್ಡದನ್ನು ಹಿಡಿದುಕೊಂಡು ಲಾಕ್ ಸಡಿಲಿಸಬೇಕು. ಅವಸರದಲ್ಲಿ ಜಾಸ್ತಿ ಸಡಿಲಿಸಿದೆ. ಎಕ್ಸಾಸ್ಟ್ ವಾಲ್ವಿನ ತುದಿಯಲ್ಲಿದ್ದ ಅಂಗಿಯ ಗುಂಡಿಯಷ್ಟು ದೊಡ್ಡ ಟೋಪಿಯೊಂದು ಜಾರಿ ಅಂಗಳಕ್ಕೆ ಬಿತ್ತು. ಅದು ಸಡಿಲ ಕೂತಿರುತ್ತದೆ ಅಂತ ನನಗೆ ಹೇಗೆ ಗೊತ್ತು! ಮೂವರೂ ಕೂತು ಹುಡುಕಿದೆವು. ಮನೆಯವಳಿಗೆ ಅದು ತುಳಸಿಕಟ್ಟೆಯ ಬುಡದಲ್ಲಿ ಸಿಕ್ಕಿತು. ಇನ್ನು ಮುಂದೆ ಎಂಜಿನ್ ಕೆಳಗೆ ಹಳೆಯ ಬೆಳ್ಳನೆ ಪಂಚೆ ಹಾಸದೆ ಸ್ಪ್ಯಾನರ್ ಮುಟ್ಟಬಾರದು ಅಂತ ಅವಳ ಆಜ್ಞೆಯಾಯಿತು.

ಟೋಪಿ ಇಟ್ಟು, ಪುಶ್ ರಾಡ್ ಜಾಗದಲ್ಲೇ ಇದೆಯಾ ಅಂತ ನೋಡಿ, 0.20ಕ್ಕೆ ಸೆಟ್ ಮಾಡಿದೆ. ಲಾಕ್ ಬಿಗಿಮಾಡುವಾಗ ಅಳತೆ ತಪ್ಪುತ್ತದೆ. ಮತ್ತೆ ಸಡಿಲಿಸು, ಮತ್ತೆ ಬಿಗಿಮಾಡು. ನಾಲ್ಕು ಸಲ ಆದ ಮೇಲೆ ಕೈಗೆ ಹದ ಸಿಕ್ಕಿತು. ಎಲೆ ಸುಮ್ನೆ ಜಾರಬಾರದು, ಸಿಕ್ಕಿಕೊಳ್ಳಲೂಬಾರದು. ಒದ್ದೆ ಕಟ್ಟಿನಿಂದ ಒಂದು ವೀಳ್ಯದೆಲೆ ಎಳೆದ ಹಾಗೆ ಬರಬೇಕು.

ಹೊಸ ರೋಗ

ಮುಚ್ಚಳ ಹಾಕಿ ಹಗ್ಗ ಎಳೆದೆ. ಅರ್ಧಕ್ಕೆ ಬಂದ ಹಗ್ಗವನ್ನು ಎಂಜಿನ್ ಒಳಗಿನಿಂದ ಯಾರೋ ಹಿಡಿದು ಜಗ್ಗಿದ ಹಾಗಾಯಿತು. ಗೆಣ್ಣು ಚೌಕಟ್ಟಿಗೆ ಬಡಿಯಿತು, ಹೆಬ್ಬೆರಳು ಉಳುಕಿತು.

ಎರಡನೇ ಸಲ ಜೀವ ಬಿಟ್ಟು ಎಳೆದೆ, ಸ್ಟಾರ್ಟ್ ಆಯಿತು. ಶಬ್ದದಲ್ಲಿ ಟಿಕ್ ಟಿಕ್ ಅಂತ ಒಂದು ಬಡಿತ ಹೊಸತಾಗಿ ಸೇರಿತ್ತು. ಆದರೆ ತಮಾಷೆ ಏನು ಅಂದರೆ, ಒಂದು ಗಂಟೆ ಓಡಿಸಿ ನಿಲ್ಲಿಸಿ ಮತ್ತೆ ಎಳೆದರೆ ಬಿಸಿಯಲ್ಲೂ ಸ್ಟಾರ್ಟ್ ಆಗುತ್ತಿತ್ತು! ಹಳೆಯ ರೋಗ ಹೋಗಿತ್ತು. ಹಗ್ಗ ಎಳೆಯುವವನ ಕೈ ಹೋಗುವುದೊಂದು ಬಾಕಿ.

ಮದ್ದು ಬಿಡುವವರು ಹಗ್ಗ ಮುಟ್ಟಲು ಒಪ್ಪಲಿಲ್ಲ. ನಾನು ಮುರಿವೆಣ್ಣೆ ಹಚ್ಚಿ ಕೂತೆ.

ರಾತ್ರಿ ಬದಿಯಡ್ಕ ಕಡೆಯ ಪರಿಚಯದ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. ಈಗ ಕೆಲಸ ಬಿಟ್ಟಿದ್ದಾರೆ, ಮಾತು ಅರ್ಧ ಮಲಯಾಳ, ಅರ್ಧ ಕನ್ನಡ. ನಾನು ಅಳತೆಯ ಕಥೆ ಎಲ್ಲ ಹೇಳಿ ಮುಗಿಸಿದೆ. ಅವರು ಅಳತೆ ಬಗ್ಗೆ ಏನೂ ಕೇಳಲಿಲ್ಲ.

"ಮಾಷೇ, ಹಗ್ಗ ಬಿಗಿಯಾದಲ್ಲಿಯೇ ನಿಲ್ಲಿಸಿ ಅಳೆದ್ರಾ?"

"ಹೌದು."

"ಅಲ್ಲಿ ಎಕ್ಸಾಸ್ಟ್ ಎತ್ತಿ ಇರ್ತದೆ ಮಾರಾಯ್ರೇ. ತುದಿ ದಾಟಬೇಕು."

ಆಮೇಲೆ ಅವರು ವಿವರಿಸಿದ್ದು ನನ್ನ ಮಾತಿನಲ್ಲಿ ಹೀಗೆ. 163 ಸಿಸಿ ಎಂಜಿನ್ ಪೂರಾ ಕಂಪ್ರೆಶನ್ನಿನಲ್ಲಿ ಇದ್ದರೆ ಹಗ್ಗ ಎಳೆದು ತಿರುಗಿಸುವುದು ಕಷ್ಟ. ಅದಕ್ಕೆ ವಾಲ್ವುಗಳನ್ನು ಎತ್ತಿಸುವ ಕ್ಯಾಮ್ ಶಾಫ್ಟಿನಲ್ಲಿ ಸಣ್ಣ ತೂಕದ್ದೊಂದು ಏರ್ಪಾಡು ಇರುತ್ತದೆ. ಎಂಜಿನ್ ನಿಧಾನ ತಿರುಗುವಾಗ, ಅಂದರೆ ನಾವು ಹಗ್ಗ ಎಳೆಯುವ ಹೊತ್ತಿಗೆ, ಪಿಸ್ಟನ್ ಮೇಲೇರುತ್ತಿರುವಾಗ ಅದು ಎಕ್ಸಾಸ್ಟ್ ವಾಲ್ವನ್ನು ಒಂದು ಚೂರು ಎತ್ತಿ ಹಿಡಿಯುತ್ತದೆ. ಸ್ವಲ್ಪ ಗಾಳಿ ಹೊರಗೆ ಹೋಗಿ ಹಗ್ಗ ಹಗುರಾಗುತ್ತದೆ. ಎಂಜಿನ್ ಹೊರಟು ವೇಗ ಹಿಡಿದ ಕೂಡಲೇ ತೂಕ ಹೊರಕ್ಕೆ ಸರಿಯುತ್ತದೆ, ವಾಲ್ವು ಪೂರಾ ಮುಚ್ಚುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ಡಿಕಂಪ್ರೆಸರ್ ಅನ್ನುತ್ತಾರೆ.

ನಾನು ಅಳೆದದ್ದು ಅದು ವಾಲ್ವನ್ನು ಎತ್ತಿ ಹಿಡಿದ ಜಾಗದಲ್ಲಿ. ಅಲ್ಲಿ ಯಾವ ಎಂಜಿನ್ನಿನಲ್ಲೂ ಸಂದು ಸೊನ್ನೆಯೇ ಇರುತ್ತದೆ. ನಾನು ಅದರ ಮೇಲೆ 0.20 ಬಿಟ್ಟೆ. ಡಿಕಂಪ್ರೆಸರ್ ಎತ್ತುವಷ್ಟೂ, ಅದರ ಮೇಲೆ 0.20ಯೂ ಸೇರಿ ಸಂದು ಭಾರೀ ದೊಡ್ಡದಾಯಿತು. ಈಗ ಅದು ಎತ್ತಿದರೂ ವಾಲ್ವಿಗೆ ಮುಟ್ಟುವುದೇ ಇಲ್ಲ. ಹಾಗಾಗಿ ಹಗ್ಗಕ್ಕೆ ಪೂರಾ ಕಂಪ್ರೆಶನ್, ಕೈಗೆ ಪೆಟ್ಟು. ಟಿಕ್ ಟಿಕ್ ಅಂದದ್ದೂ ಸಂದು ದಾಟಿ ಬಡಿಯುವ ರಾಕರ್. ಬಿಸಿಯಲ್ಲಿ ಸ್ಟಾರ್ಟ್ ಆದದ್ದಕ್ಕೂ ಕಾರಣ ಅದೇ, ಸಂದು ಅಷ್ಟಿದ್ದರೆ ವಾಲ್ವು ಮುಚ್ಚದೆ ಇನ್ನೇನು ಮಾಡುತ್ತದೆ?

ಎರಡನೇ ಪ್ರಯತ್ನ

ಈ ಸಲ ಪ್ಲಗ್ ಪೂರಾ ಬಿಚ್ಚಿದೆ. ಆಗ ಎಂಜಿನ್ ಹಗುರಾಗಿ ತಿರುಗುತ್ತದೆ. ಹಗ್ಗದ ಬದಲು ಬೆಲ್ಟನ್ನೇ ಕೈಯಲ್ಲಿ ಹಿಡಿದು ಚೂರು ಚೂರೇ ತಿರುಗಿಸಿದೆ, ಹಗ್ಗದಲ್ಲಿ ಅಷ್ಟು ಹಿಡಿತ ಬರುವುದಿಲ್ಲ. ಪ್ಲಗ್ಗಿನ ತೂತಿನಲ್ಲಿ ಎಳನೀರು ಕುಡಿಯುವ ಉದ್ದ ಪ್ಲಾಸ್ಟಿಕ್ ನಳಿಗೆ ಇಟ್ಟು ಮಗಳ ಕೈಗೆ ಕೊಟ್ಟೆ. ಅವಳು ಹಗುರ ಹಿಡಿದುಕೊಂಡರೆ ಸಾಕು, ಒತ್ತಬಾರದು. ತೆಂಗಿನ ಗರಿಯ ಕಡ್ಡಿ ಬೇಡ, ಒಳಗೆ ತುಂಡಾದರೆ ಮತ್ತೆ ತಲೆ ಬಿಚ್ಚುವ ಕೆಲಸ.

ನಳಿಗೆ ಮೇಲೆ ಬರುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಕೆಳಗೆ ಇಳಿಯುತ್ತದೆ. ನಿಂತ ಜಾಗವೇ ತುದಿ. ಆದರೆ ಇಂಥ ತುದಿ ಎರಡು ಸುತ್ತಿನಲ್ಲಿ ಎರಡು ಸಲ ಬರುತ್ತದೆ. ಒಂದು ಕಂಪ್ರೆಶನ್ನಿನದ್ದು, ಇನ್ನೊಂದು ಹೊಗೆ ಹೋಗಿ ಹೊಸ ಗಾಳಿ ಬರುವ ಹೊತ್ತಿನದ್ದು. ಬೆಲ್ಟನ್ನು ಆಚೆ ಈಚೆ ಚೂರು ಅಲುಗಿಸಿದಾಗ ರಾಕರ್‌ಗಳು ಏರಿ ಇಳಿದರೆ ಅದು ತಪ್ಪು ತುದಿ, ಇನ್ನೊಂದು ಸುತ್ತು ತಿರುಗಿಸಬೇಕು. ಇನ್ಲೆಟ್ ವಾಲ್ವು ತೆರೆದು ಮುಚ್ಚಿದ ಮೇಲೆ ನಳಿಗೆ ಮೇಲೆ ಬಂದರೆ ಅದೇ ನಮಗೆ ಬೇಕಾದದ್ದು.

ಪಿಸ್ಟನ್ ಮೇಲೇರುವಾಗ ಎಕ್ಸಾಸ್ಟ್ ರಾಕರನ್ನೇ ನೋಡುತ್ತಿದ್ದೆ. ತುದಿಗೆ ಬರುವ ಮೊದಲು ಅದು ಚೂರೇ ಚೂರು ಕುಪ್ಪಳಿಸಿ ಮತ್ತೆ ಕೂತಿತು. ಹೇಳಿದರೆ ಮಾತ್ರ ಕಾಣುವಷ್ಟು. ನಿನ್ನೆಯೂ ಅದು ನನ್ನ ಕಣ್ಣೆದುರೇ ಆಗಿರಬೇಕು.

ತುದಿ ದಾಟಿ ನಳಿಗೆ ಇಳಿಯಲು ಶುರುವಾದ ಕೂಡಲೇ ನಿಲ್ಲಿಸಿದೆ. ಎಕ್ಸಾಸ್ಟ್ ರಾಕರ್ ಸಡಿಲವಾದ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. 0.60ರ ಎಲೆ ಆರಾಮವಾಗಿ ಹೋಯಿತು. 0.70 ಮಾತ್ರ ತಡೆಯಿತು. ಬೇಕಾದದ್ದರ ಮೂರು ಪಟ್ಟು. 0.20ಕ್ಕೆ ತಂದೆ, ಲಾಕ್ ಮಾಡಿದೆ. ಎರಡು ಸುತ್ತು ತಿರುಗಿಸಿ ಅದೇ ತುದಿಗೆ ಬಂದು ಮತ್ತೆ ಅಳೆದೆ. ಇನ್ಲೆಟ್ಟೂ ಒಮ್ಮೆ ನೋಡಿದೆ, 0.15 ಸರಿಯೇ ಇತ್ತು. ಡಿಕಂಪ್ರೆಸರ್ ಅದನ್ನು ಮುಟ್ಟುವುದಿಲ್ಲವಲ್ಲ, ಅದಕ್ಕೆ ಮೊದಲ ದಿನದ ಅಳತೆಯೇ ನಿಂತಿತು.

ಮೊದಲ ಎಳೆತಕ್ಕೆ ಆಗಲಿಲ್ಲ. ಎರಡನೆಯದಕ್ಕೆ ಆಯಿತು, ಹಗ್ಗ ಬೆಣ್ಣೆಯ ಹಾಗೆ ಬಂತು. ಒಂದು ಟ್ಯಾಂಕ್ ಮುಗಿಸಿ, ತುಂಬಿಸಿ, ಬಿಸಿಯಲ್ಲೇ ಎಳೆದೆ. ಹೊರಟಿತು. ಮರುದಿನ ಹೊಳವಿರಲಿಲ್ಲ. ಅದರ ಮರುದಿನ, ಮದ್ದು ಮಳೆಗೆ ತೊಳೆದು ಹೋಗದೆ ಅಂಟಿಕೊಳ್ಳಲು ರಾಳ, ಸೋಡ ಕಾಯಿಸಿ ಸೇರಿಸಿ ಉಳಿದ ಮರಗಳಿಗೆಲ್ಲ ಬಿಟ್ಟಾಯಿತು. ಮೂರು ಸಲ ಪೆಟ್ರೋಲ್ ತುಂಬಿಸಿದೆವು, ಮೂರು ಸಲವೂ ಮರದ ಮೇಲಿದ್ದವನು ಇಳಿಯಬೇಕಾಗಲಿಲ್ಲ.

ಉಳಿದ ಸಂಶಯ

ಈ ಪ್ರಕರಣದಲ್ಲಿ ಒಂದು ತೂತು ಉಂಟು. ಶುರುವಿನಲ್ಲಿ ಎಕ್ಸಾಸ್ಟ್ ಸಂದು ನಿಜವಾಗಿ ಎಷ್ಟಿತ್ತು? ಬಿಸಿಯಲ್ಲಿ ಕಂಪ್ರೆಶನ್ ಹೋಗುತ್ತಿತ್ತು, ಸಂದು ಹೆಚ್ಚಿಸಿದ ಮೇಲೆ ಸರಿಯಾಯಿತು. ಆದ್ದರಿಂದ ಕಮ್ಮಿ ಇತ್ತು ಅನ್ನಬಹುದು. ಎಷ್ಟು ಅಂತ ಹೇಳಲು ನನ್ನ ಹತ್ತಿರ ಸರಿಯಾದ ಅಳತೆಯೇ ಇಲ್ಲ. ತಪ್ಪು ಜಾಗದಲ್ಲಿ ಅಳೆದು, ಆ ಕೂಡಲೇ ಬದಲಿಸಿಬಿಟ್ಟೆ. ಮುಟ್ಟುವ ಮೊದಲು ಎರಡು ಸಲ ಅಳೆದು ಬರೆದಿಟ್ಟಿದ್ದರೆ ಸವೆತ ಎಷ್ಟು ಬೇಗ ಆಗುತ್ತಿದೆ ಅಂತ ಅವತ್ತೇ ಲೆಕ್ಕ ಸಿಗುತ್ತಿತ್ತು.

ಅದಕ್ಕೇ ಈಗ ಮುಚ್ಚಳದ ಒಳಬದಿಯಲ್ಲಿ ಮಾರ್ಕರಿನಿಂದ ತಾರೀಕು, ಅಳತೆ ಬರೆದಿದ್ದೇನೆ. ಆಯಿಲ್ ತಾಗಿ ಅರ್ಧ ಅಳಿಸಿತು. ಮಗಳು ಅವಳ ಹಳೆಯ ನೋಟುಪುಸ್ತಕದಲ್ಲಿ ಬರೆದದ್ದು ಉಳಿದಿದೆ.

ಈ ಮೇ ತಿಂಗಳಲ್ಲಿ ಮೊದಲ ಮದ್ದಿಗೆ ಮುಂಚೆ ಮತ್ತೆ ಬಿಚ್ಚಿದೆ, ಪಂಚೆ ಹಾಸಿ. ಇನ್ಲೆಟ್ 0.15ರಲ್ಲೇ ಇದೆ. ಎಕ್ಸಾಸ್ಟಿಗೆ 0.20 ಹೋಗಲಿಲ್ಲ, 0.15 ಬಿಗಿಯಾಗಿ ಹೋಯಿತು. ಭಾವನ ತೋಟವೂ ಸೇರಿ ಒಂದೇ ಮಳೆಗಾಲದ ಓಟಕ್ಕೆ ಇಷ್ಟು ಇಳಿದದ್ದು ಒಳ್ಳೆಯ ಲಕ್ಷಣ ಅಲ್ಲ. ಎಕ್ಸಾಸ್ಟ್ ಸೀಟು ಸವೆಯುತ್ತಲೇ ಇದೆ ಅನ್ನಿಸುತ್ತದೆ. ಸದ್ಯಕ್ಕೆ 0.20ಕ್ಕೆ ತಂದು ಮುಚ್ಚಿದ್ದೇನೆ. ಈ ಮಳೆಗಾಲ ಕಳೆದ ಮೇಲೆ ತಲೆ ಬಿಚ್ಚಿ ವಾಲ್ವು ಉಜ್ಜಬೇಕು. ಹೆಡ್ ಗ್ಯಾಸ್ಕೆಟ್ ಪುತ್ತೂರಿನಿಂದ ತಂದು ರೇಷನ್ ಕಾರ್ಡಿನ ತೊಟ್ಟೆಯಲ್ಲಿ ಇಟ್ಟಾಗಿದೆ.